ಏಕಾಂತಪ್ಪನವರು ಬದುಕಿಸಿದ ಅವರೆ ಗಿಡ

ಮಗಳು ದಿವ್ಯಾಳ ಶಾಲೆಯ ಪೋಷಕರ ಸಭೆಗೆ ಎಂದಿನಂತೆ ಶಾಲಿನಿ ಒಬ್ಬರೇ ಹೋಗಿದ್ದರು. ಈ ಹುಡುಗಿಗೆ ತಂದೆ ಇದ್ದಾರೆಯೇ ಎಂದು ಹೆಡ್‌ಮಾಸ್ಟರು ಕೇಳಿದರೆಂದು ಬಂದು ಹೇಳಿದ್ದೇ ತಡ, ಗಂಡ ಏಕಾಂತಪ್ಪನವರು ಕೆರಳಿದರು. ಇನ್ನು ಮುಂದೆ ಮಗಳ ವಿದ್ಯಾಭ್ಯಾಸ ನನ್ನ ಖಾತೆ! ಇಡೀ ಕಾಫಿ ಎಸ್ಟೇಟ್ ನಿಭಾಯಿಸುವವನಿಗೆ ಐದನೇ ಕ್ಲಾಸು ಯಾವ ಲೆಕ್ಕ? ದಿವ್ಯಾ ಓದುತ್ತಿರುವುದು ಆರನೇ ಕ್ಲಾಸು ಎಂದು ಶಾಲಿನಿ ತಿದ್ದಿದರು. ಅಂಥ ಸಣ್ಣಪುಟ್ಟ ತಿದ್ದುಪಡಿಗಳಿಗೆ ಅವರು ಕಿವಿಗೊಡುವವರಲ್ಲ.

ದಿವ್ಯಾ ವಿಜ್ಞಾನದ ಪಾಠಕ್ಕೆಂದು ಎರಡು ಡಬ್ಬಿಗಳಲ್ಲಿ ಅವರೆ ಬೀಜ ಊರಿ, ಒಂದನ್ನು ಕಿಟಕಿಯಲ್ಲೂ ಇನ್ನೊಂದನ್ನು ಉಗ್ರಾಣದ ಕತ್ತಲಲ್ಲೂ ಇಟ್ಟಿದ್ದಳು. ಅಷ್ಟರಲ್ಲಿ ಸಂಸೆಯ ಅಜ್ಜಿಮನೆಯಲ್ಲಿ ಮದುವೆ ಬಂದು ತಾಯಿ ಮಗಳು ಹೊರಟರು. ಎರಡಕ್ಕೂ ನೀರು ಹಾಕಿ, ಬೇರೇನೂ ಮಾಡಬೇಡಿ ಎಂದು ಬಸ್ ಹತ್ತುವಾಗ ದಿವ್ಯಾ ಹೇಳಿದಳು. ಏಕಾಂತಪ್ಪನವರು ನೀರಿನವರೆಗೆ ಮಾತ್ರ ಕೇಳಿಸಿಕೊಂಡರು.

ಮರುದಿನ ಉಗ್ರಾಣದ ಸಸಿಯನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ಹಳದಿ ಎಲೆ, ಸಣಕಲು ಕಾಂಡ! ಪಾಪ, ಹುಡುಗಿ ಕತ್ತಲಲ್ಲಿಟ್ಟು ಮರೆತಿದ್ದಾಳೆ. ತಮ್ಮ ತೋಟದಲ್ಲಿ ಒಂದು ಗಿಡವೂ ಹಳದಿಯಾಗಲು ಬಿಡದ ಮನುಷ್ಯ ಸುಮ್ಮನಿರುತ್ತಾರೆಯೇ? ಡಬ್ಬಿಯನ್ನು ಕಾಫಿ ಸಸಿಗಳ ನರ್ಸರಿಗೆ ಸಕಲ ಮರ್ಯಾದೆಯೊಂದಿಗೆ ಸಾಗಿಸಿದರು. ಚಿಟಿಕೆ ಯೂರಿಯಾ ಉಣಿಸಿದರು, ಕೊಳೆರೋಗ ಬಾರದಿರಲೆಂದು ಬೋರ್ಡೋ ದ್ರಾವಣ ಸಿಂಪಡಿಸಿದರು, ಕಾಫಿ ಗಿಡಕ್ಕೆ ಮಾಡುವಂತೆ ನೆತ್ತಿಯನ್ನೂ ಚಿವುಟಿದರು. ತಾಯಿ ಮಗಳು ಮರಳುವಷ್ಟರಲ್ಲಿ ಗಿಡ ಹಸಿರೋ ಹಸಿರು. ಈ ಗಡಿಬಿಡಿಯಲ್ಲಿ ಕಿಟಕಿಯ ಗಿಡಕ್ಕೆ ನೀರು ಹಾಕುವುದು ಮರೆತು ಅದು ಬಾಡಿತ್ತು ಅನ್ನಿ.

ದಿವ್ಯಾ ಎರಡನ್ನೂ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು, ಅಷ್ಟೇ.

ಮಾರನೆಯ ದಿನ ಡಬ್ಬಿಗಳನ್ನು ಏಕಾಂತಪ್ಪನವರೇ ಜೀಪಿನಲ್ಲಿ ಮೂಡಿಗೆರೆಯ ಶಾಲೆಗೆ ತಂದು, ಹೊಗಳಿಕೆ ಕೇಳಿಯೇ ಹೋಗೋಣವೆಂದು ತರಗತಿಯ ಬಾಗಿಲಲ್ಲಿ ನಿಂತರು. ಒಳಗೆ ಪ್ರತಿ ಮಗುವಿನ ಮುಂದೆಯೂ ಒಂದು ಹಸಿರು ಗಿಡ, ಒಂದು ಹಳದಿ ಗಿಡ. ಈ ತಾಲ್ಲೂಕಿನ ತಂದೆಯರಿಗೆ ಮಕ್ಕಳ ಮೇಲೆ ನಿಗಾವೇ ಇಲ್ಲವಲ್ಲ ಎಂದು ಅವರು ಮರುಗಿದರು. ಆಗ ಟೀಚರ್ ಗಿರಿಜಾಂಬಾ ವಿವರಿಸಿದರು: ಬೆಳಕು ಸಿಗದ ಗಿಡ ಹಳದಿಯಾಗುತ್ತದೆಂದು ತೋರಿಸುವುದೇ ಈ ಪ್ರಯೋಗ. ದಿವ್ಯಾಳ ಮುಂದೆ ನಿಂತು, ಕತ್ತಲಿನ ಗಿಡ ಹೀಗೇಕಾಯಿತು ಎಂದು ಕೇಳಿದರು.

"ನಾನೇ ಮರ್ತು ಬಿಸಿಲಿಗಿಟ್ಟೆ ಮಿಸ್."

ಸೊನ್ನೆ ಬಿತ್ತು. ತಪ್ಪು ನನ್ನದು ಎಂಬ ಒಂದು ಮಾತು ಸಾಕಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಏಕಾಂತಪ್ಪನವರ ಬಾಯಿಂದ ಅದು ಹೊರಡಲಿಲ್ಲ. ಮೆಲ್ಲಗೆ ಜೀಪು ಹತ್ತಿ ಬಂದುಬಿಟ್ಟರು. ಆ ನಾಚಿಕೆಗೆ ಮಧ್ಯಾಹ್ನದ ಊಟವೂ ಸೇರಲಿಲ್ಲ.

ಸಂಜೆ ಮಗಳನ್ನು ಕರೆತರಲು ತಾವೇ ಹೋದರು. ದಾರಿಯಲ್ಲಿ ಜೀಪು ನಿಲ್ಲಿಸಿ ಕೇಳಿದರು, "ಹಾಳ್ ಮಾಡಿದ್ದು ನಾನಲ್ವೇನಮ್ಮಾ? ನನ್ ಹೆಸ್ರು ಯಾಕೆ ಹೇಳ್ಲಿಲ್ಲ?"

ದಿವ್ಯಾ ಬ್ಯಾಗಿನ ಪಟ್ಟಿ ಎಳೆಯುತ್ತಾ ಹೇಳಿದಳು, "ನೀವು ನನ್ ಕ್ಲಾಸಿಗೆ ಬಂದಿದ್ದೇ ಇವತ್ತು ಮೊದ್ಲು ಅಪ್ಪಾ. ಮಿಸ್ ಹತ್ರ ಬೈಸ್ಕೊಂಡಿದ್ರೆ ಮತ್ತೆ ಬರ್ತಿದ್ರಾ?"