ಯಾರಪ್ಪನ ಗುಂಡಿ?

ಕನ್ನಡಕದಂಗಡಿಯವನು ಬೆಳಿಗ್ಗೆ ಬಾಗಿಲು ತೆಗೆಯಲು ಬಂದವನು ಎದೆ ಹಿಡಿದುಕೊಂಡು ನಿಂತುಬಿಟ್ಟ. ಅಂಗಡಿಯ ಮುಂದೆ ಸೊಂಟದಾಳದ ಗುಂಡಿ! ಬೇರೆ ಅಂಗಡಿಯಾಗಿದ್ದರೆ ಗಿರಾಕಿಗಳು ಸುತ್ತು ಹಾಕಿ ಬರುತ್ತಿದ್ದರೇನೋ. ಇವನ ಗಿರಾಕಿಗಳೆಲ್ಲ ಕಣ್ಣು ಮಂಜಾದವರು. ಮೊದಲು ಬಿದ್ದವರು ಸ್ವಂತ ಮಾವನವರೇ.

"ಅಳಿಯಂದ್ರೇ, ನಿಮ್ಮ ಮೆಟ್ಟಿಲು ಬಹಳ ಕೆಳಗಿಟ್ಟಿದ್ದೀರಲ್ಲಾ!" ಎಂದು ಒಳಗಿನಿಂದ ದನಿ ಬಂತು.

ಅವರನ್ನು ಮೇಲೆತ್ತಿ ಕೂರಿಸಿ ಅವನು ನಗರಸಭೆಗೆ ಓಡಿದ.

"ಅದು ರಾಜ್ಯದ ರಸ್ತೆ ಸ್ವಾಮಿ," ಎಂದರು ಅಲ್ಲಿನ ಇಂಜಿನಿಯರು. "ನಮ್ಮದು ಚರಂಡಿ ಮಾತ್ರ. ಯಾರಾದ್ರೂ ಚರಂಡಿಗೆ ಬಿದ್ರೆ ಹೇಳಿ, ತಕ್ಷಣ ಬರ್ತೀನಿ."

ರಾಜ್ಯದ ಕಚೇರಿಯ ಅಧಿಕಾರಿ ತಲೆಯಲ್ಲಾಡಿಸಿದರು. "ರಸ್ತೆ ನಮ್ಮದೇ. ಗುಂಡಿ ಕೇಂದ್ರದ್ದು. ಅವರ ಗುಂಡಿಗೆ ನಾವು ಕೈ ಹಾಕೋ ಹಾಗಿಲ್ಲ."

ಕೇಂದ್ರದ ದೂರವಾಣಿ ಕಚೇರಿಯವರು ನಕ್ಕೇಬಿಟ್ಟರು. "ರಾತ್ರಿ ಕೇಬಲ್ ಹಾಕಿದ್ವಿ, ಹೊರಟ್ವಿ. ತೋಡೋದು ಕೇಂದ್ರದ ವಿಷಯ, ಮುಚ್ಚೋದು ಸ್ಥಳೀಯ ವಿಷಯ!"

ಅವನಿಗೆ ತಲೆ ಗಿರ್ರೆಂದಿತು. ಕೊನೆಗೆ ಶಾಸಕರ ಕಾಲಿಗೆ ಬಿದ್ದ. ಅವರು ಪ್ರೀತಿಯಿಂದ ಬೆನ್ನು ತಟ್ಟಿದರು: "ನಾವು ಕಾನೂನು ಮಾಡೋರಪ್ಪಾ, ಗುಂಡಿ ಮುಚ್ಚೋರಲ್ಲ. ಮುಂದಿನ ಅಧಿವೇಶನದಲ್ಲಿ ಒಳ್ಳೇ ಮಸೂದೆ ತರೋಣ."

ಬೆವರಿಳಿಸಿಕೊಂಡು ಹಿಂತಿರುಗಿದರೆ ಗುಂಡಿಯೊಳಗೆ ಮತ್ತಿಬ್ಬರು ಗಿರಾಕಿಗಳು. ಮಾವನವರು ಅಂಚಿನಲ್ಲಿ ಕೂತು ಅವರಿಗೆ ಧೈರ್ಯ ಹೇಳುತ್ತಿದ್ದರು. ಮಹಡಿ ಮೇಲಿನ ವಕೀಲರು ದಡದಡನೆ ಇಳಿದು ಬಂದರು.

"ಕೋರ್ಟು ಅನ್ನೋದು ಇರೋದು ಯಾಕ್ರೀ? ಇಲ್ಲೊಂದು ಸಹಿ ಹಾಕಿ, ಉಳಿದದ್ದು ನನಗೆ ಬಿಡಿ."

ಪೀಡೆ ತೊಲಗಲಿ ಎಂದು ಸಹಿ ಹಾಕಿದ. ವಕೀಲರು ಅತ್ತ ಹೋದದ್ದೇ ತಡ, ಇವನು ಪಂಚೆ ಎತ್ತಿ ಕಟ್ಟಿ, ಗಿರಾಕಿಗಳನ್ನು ಮೇಲೆತ್ತಿ, ತಳ್ಳುಗಾಡಿಯಲ್ಲಿ ಮಣ್ಣು ತಂದು ಸುರಿದು, ಸಂಜೆಯ ಹೊತ್ತಿಗೆ ಗುಂಡಿಯನ್ನು ಸಮತಟ್ಟು ಮಾಡಿಬಿಟ್ಟ. ಮಾವನವರು ಅದರ ಮೇಲೆ ಕುಣಿದು ನೋಡಿ "ಭೇಷ್!" ಎಂದರು.

ಅಷ್ಟರಲ್ಲಿ ಒಂದು ಜೀಪು ಬಂತು. ದಿನವಿಡೀ ಒಬ್ಬರ ಮೇಲೊಬ್ಬರು ಎತ್ತಿಹಾಕಿದ್ದ ಆ ಮೂರೂ ಅಧಿಕಾರಿಗಳು ಒಟ್ಟಿಗೇ ಇಳಿದರು! ಹಿಂದೆಯೇ ವಕೀಲರು ಜಿಗಿದರು.

"ಗೆದ್ವಿ! ಗುಂಡಿ ಯಾರದ್ದು ಅಂತ ತೀರ್ಮಾನ ಆಗೋವರೆಗೂ ಅದು ಇದ್ದ ಹಾಗೇ ಇರಬೇಕು, ಯಾರೂ ಮುಟ್ಟಬಾರದು ಅಂತ ಕೋರ್ಟಿನ ಆಜ್ಞೆ... ಅಯ್ಯೋ, ಗುಂಡಿ ಎಲ್ರೀ?"

ಅವನು ಕಾಲ ಕೆಳಗಿನ ನೆಲ ತೋರಿಸಿದ. "ಮುಚ್ಚಿಬಿಟ್ಟೆ."

"ನ್ಯಾಯಾಂಗ ನಿಂದನೆ ಕಣ್ರೀ! ಜೈಲು! ಮೊದಲು ಇದ್ದ ಹಾಗೆ ಮಾಡಿ, ಬೇಗ!"

ನಗರಸಭೆಯವರು ಗುದ್ದಲಿ ಕೊಟ್ಟರು. ರಾಜ್ಯದವರು ಹಾರೆ ಕೊಟ್ಟರು. ಕೇಂದ್ರದವರು ಟಾರ್ಚು ಹಿಡಿದರು. ಅವನು ಅಳುತ್ತಾ ತೋಡಿದ. ಸೊಂಟದವರೆಗೆ ಇಳಿದಾಗ ಹಾರೆಯ ತುದಿಯಲ್ಲಿ ಏನೋ ಪಟ್ಟೆಂದಿತು. ಬೀದಿಯ ಫೋನುಗಳೆಲ್ಲ ಒಮ್ಮೆಲೇ ಸತ್ತವು.

"ಕೇಂದ್ರದ ಕೇಬಲ್ ಕಡಿದುಬಿಟ್ಟನಲ್ಲಪ್ಪೋ!"

"ರಾಜ್ಯದ ರಸ್ತೆ ಅಗೆಯೋಕೆ ಇವನಿಗೆ ಅನುಮತಿ ಕೊಟ್ಟವರು ಯಾರು?"

"ನಮ್ಮ ನಗರಸಭೆಯಂತೂ ಅಲ್ಲ. ಇವನೇ ತೋಡಿದ್ದು, ಕಣ್ಣಾರೆ ಕಂಡೆ."

ಗುಂಡಿಯೊಳಗೆ ಬಾಯಿ ತೆರೆದು ನಿಂತಿದ್ದ ಅವನತ್ತ ಬಗ್ಗಿ, ವಕೀಲರು ಸಂಭ್ರಮದಿಂದ ಕೈ ಕುಲುಕಿದರು.

"ಕೇಸು ಇಷ್ಟು ಬೇಗ ಮುಗಿಯುತ್ತೆ ಅಂದ್ಕೊಂಡಿರಲಿಲ್ಲ ಕಣ್ರೀ! ಮೂರೂ ಸರ್ಕಾರ ಒಪ್ಪಿಬಿಟ್ಟವು. ಗುಂಡಿ ನಿಮ್ಮದೇ!"