ಹೊಲದ ಬದುವೂ ವಿದೇಶಾಂಗ ನೀತಿಯೂ

ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು. ಈ ಕಸುಬಿನ ದೊಡ್ಡ ಕೆಡುಕೆಂದರೆ, ಹೇಳಿದ್ದನ್ನೇ ಹೇಳಿ ಹೇಳಿ ಕೊನೆಗೆ ಅದನ್ನು ನಾವೇ ನಂಬಿಬಿಡುತ್ತೇವೆ. ನಮ್ಮ ದೇಶ ಈಗ ಒಬ್ಬರಿಂದ ಎಣ್ಣೆ ಕೊಳ್ಳುತ್ತದೆ, ಅವರಿಗಾಗದವರಿಂದ ವಿಮಾನ ಕೊಳ್ಳುತ್ತದೆ, ಇನ್ನೊಬ್ಬರನ್ನು ಗಡಿಯಲ್ಲಿ ಗುರಾಯಿಸುತ್ತಲೇ ಅವರ ಸಾಮಾನನ್ನು ಅಂಗಡಿ ತುಂಬ ಇಟ್ಟುಕೊಳ್ಳುತ್ತದೆ. ಎಲ್ಲರನ್ನೂ ತಬ್ಬಿಕೊಳ್ಳುತ್ತದೆ, ಯಾರ ಕೈಗೂ ಸಿಕ್ಕುವುದಿಲ್ಲ. ಇದನ್ನು ವಿವರಿಸುವಾಗ ನನ್ನ ಎದೆ ಉಬ್ಬುವುದನ್ನು ನೋಡಿದರೆ, ದೆಹಲಿಯವರು ನನ್ನನ್ನು ಕೇಳಿಯೇ ಈ ನೀತಿ ಮಾಡಿದ್ದಾರೆಂದು ಯಾರಾದರೂ ಅಂದುಕೊಳ್ಳಬೇಕು. ಎರಡು ದೋಣಿಯ ಮೇಲೆ ಕಾಲಿಡಬಾರದೆಂದು ಹಿರಿಯರು ಹೇಳಿದ್ದಾರೆ, ನಿಜ. ಆದರೆ ನಮ್ಮ ಕಡೆ ದೋಣಿ ಇರಲಿ, ಅದು ತೇಲುವಷ್ಟು ನೀರೂ ಇಲ್ಲದ್ದರಿಂದ ನಾನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಮೊಳಕಾಲ್ಮೂರಿನ ದಾರಿಯಲ್ಲಿ ನನಗೊಂದು ಶೇಂಗಾ ಹೊಲವಿದೆ. ಗೊಬ್ಬರ ಕಾಣದೆ ನೆಲ ಬಡಕಲಾಗಿತ್ತು. ಬಿತ್ತನೆಗೆ ಮುಂಚೆ ಕುರಿಮಂದೆ ನಿಲ್ಲಿಸದಿದ್ದರೆ ಈ ವರ್ಷ ಹಾಕಿದ ಬೀಜವೂ ಕೈಗೆ ಬರುವಂತಿರಲಿಲ್ಲ. ಮಂದೆ ಕೆಲವು ರಾತ್ರಿ ಹೊಲದಲ್ಲಿ ತಂಗುತ್ತದೆ, ಹಿಕ್ಕೆ ಗಂಜಲ ಮಣ್ಣಿಗೆ ಸೇರುತ್ತದೆ, ಕುರಿಯವರಿಗೆ ನಾವು ರಾಗಿ, ಊಟ ಕೊಡುತ್ತೇವೆ. ಮೊದಲೆಲ್ಲ ಅವರೇ ಕೇಳಿಕೊಂಡು ಬರುತ್ತಿದ್ದರು. ದೇಶದ ಭದ್ರತೆಯ ಸಂಶೋಧನಾ ಕೇಂದ್ರಗಳಿಗೆಂದು ಸರ್ಕಾರ ಇಲ್ಲಿನ ಹುಲ್ಲುಗಾವಲಿನ ಸುತ್ತ ಗೋಡೆ ಎಬ್ಬಿಸಿದ ಮೇಲೆ ಮೇವಿಲ್ಲದೆ ಎಷ್ಟೋ ಮಂದಿ ಕುರಿ ಮಾರಿ ಕೂಲಿಗೆ ಹೋದರು. ಆ ಗೋಡೆಯನ್ನು ನಾನು ತರಗತಿಯಲ್ಲಿ ಮೇಜು ಕುಟ್ಟಿ ಹೊಗಳಿದ್ದೆ. ನನ್ನ ಗೊಬ್ಬರಕ್ಕೂ ಅದಕ್ಕೂ ಸಂಬಂಧವಿದೆಯೆಂದು ಆಗ ಹೊಳೆದಿರಲಿಲ್ಲ.

ಭದ್ರತೆಯಲ್ಲಿ ನಾನೂ ಹಿಂದೆ ಬಿದ್ದವನಲ್ಲ. ನನ್ನ ಹೊಲಕ್ಕಿಂತ ತುಸು ಎತ್ತರದಲ್ಲಿ ಬೋರಣ್ಣನ ಹೊಲವಿದೆ. ಅವನ ನೇಗಿಲು ವರ್ಷಕ್ಕೊಂದು ಗೇಣು ಇತ್ತ ಸರಿಯುತ್ತದೆಂಬ ಗುಮಾನಿಯಿಂದ, ಹೋದ ಬೇಸಿಗೆಯಲ್ಲಿ ಜೆಸಿಬಿ ತರಿಸಿ ನಡುವಿನ ಬದುವನ್ನು ಎದೆಯೆತ್ತರಕ್ಕೆ ಏರಿಸಿದ್ದೆ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತ್ತು.

ಉಳಿದ ಮಂದೆಗಳಲ್ಲಿ ಓಬಯ್ಯನದೊಂದು, ಈರಣ್ಣನದೊಂದು. ಎಲೆ ಅಡಿಕೆ ಕೊಟ್ಟು ಒಬ್ಬರನ್ನು ಕರೆದರೆ, ಅವರು ಒಪ್ಪದೆ ಇನ್ನೊಬ್ಬರ ಮಂದೆ ಆ ಹೊಲ ಮೆಟ್ಟುವುದಿಲ್ಲ. ಇದು ಇಲ್ಲಿನ ಕಟ್ಟುಪಾಡು. ನಾನು ಓಬಯ್ಯನಿಗೂ ಎಲೆ ಅಡಿಕೆ ಕೊಟ್ಟೆ, ಈರಣ್ಣನಿಗೂ ಕೊಟ್ಟೆ. ನಿನ್ನಷ್ಟು ಹತ್ತಿರದವನು ನನಗೆ ಯಾರೂ ಇಲ್ಲವೆಂದು ಇಬ್ಬರಿಗೂ ಹೇಳಿದೆ. ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇರಲಿ, ಇಬ್ಬರೂ ಪೈಪೋಟಿಗೆ ಬಿದ್ದರೆ ರಾಗಿಯಾದರೂ ಉಳಿಯಲಿ ಎಂಬುದು ನನ್ನ ತಂತ್ರ. ನನ್ನ ಹೆಂಡತಿ ಮೊಳಕಾಲ್ಮೂರಿನವಳು, ಮಗ್ಗದ ಮನೆಯಲ್ಲಿ ಬೆಳೆದವಳು. "ಒಬ್ರಿಗೆ ಮಾತು ಕೊಟ್ಟು ಸುಮ್ನಿರ್ರಿ" ಎಂದಳು. ಆಕೆಗೆ ಬಹುಧ್ರುವೀಯ ಜಗತ್ತಿನ ಪರಿಚಯವಿಲ್ಲವೆಂದು ನಾನು ನಕ್ಕೆ.

ನನಗೆ ಪರಿಚಯವಿಲ್ಲದಿದ್ದ ಸಂಗತಿಯೆಂದರೆ, ಓಬಯ್ಯನ ಮಗಳನ್ನು ಈರಣ್ಣನ ಮನೆಗೆ ಕೊಟ್ಟಿದ್ದರು. ಬೀಗರಿಬ್ಬರೂ ಸಂತೆಯಲ್ಲಿ ಕೂತು ನನ್ನ ಎಲೆ ಅಡಿಕೆಯನ್ನು ಹಂಚಿಕೊಂಡೇ ಜಗಿದರಂತೆ. ವಾರದೊಳಗೆ ಎರಡೂ ಮಂದೆ ಬಂದವು. ನನ್ನ ಹೊಲವನ್ನು ದಾಟಿ ಬೋರಣ್ಣನ ಹೊಲದಲ್ಲಿ ನಿಂತವು. ಓಡಿಹೋಗಿ ಓಬಯ್ಯನನ್ನು ಕೇಳಿದೆ. ಅವನು ಸಿಟ್ಟು ಮಾಡಲಿಲ್ಲ. "ಮೇಷ್ಟ್ರೇ, ನೀವು ದೊಡ್ಡೋರು, ನಿಮಗೆ ಬಾಳ ಜನ ಅದಾರೆ. ಬೋರಣ್ಣಂಗೆ ನಾವಿಬ್ರೇ ಇರೋದು" ಎಂದ. ನನಗೆ ಹೊಟ್ಟೆ ಉರಿಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ.

ಒಂದು ಆಸೆ ಮಾತ್ರ ಉಳಿದಿತ್ತು. ಬೋರಣ್ಣನ ಹೊಲ ಎತ್ತರದಲ್ಲಿದೆಯಲ್ಲ, ಮಳೆ ಬಂದರೆ ಸಾರ ಹೇಗೂ ಇಳಿದು ಬರುತ್ತದೆ. ಮಳೆ ಚೆನ್ನಾಗಿಯೇ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಗೊಬ್ಬರದ ಕಪ್ಪು ನೀರೆಲ್ಲ ಬದುವಿನ ಆಚೆ ನಿಂತಿದೆ, ಈಚೆ ನನ್ನ ಮಣ್ಣು ತೊಳೆದಿಟ್ಟ ತಟ್ಟೆಯ ಹಾಗಿದೆ. ಬೋರಣ್ಣ ಅಲ್ಲೇ ಇದ್ದ. ವರ್ಷದ ಮೇಲೆ ಬಾಯಿಬಿಟ್ಟು, "ಬದು ಗಟ್ಟಿ ಐತೆ ಮೇಷ್ಟ್ರೇ, ಒಂದು ತೊಟ್ಟೂ ದಾಟಿಲ್ಲ. ಒಂದ್ ಕಡೆ ಕಡಿದು ಬಿಡ್ಲಾ?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಹೂಂ ಅಂದಿದ್ದರೆ ಮುಗಿದಿತ್ತು. ಆದರೆ ತರಗತಿಯ ಅಭ್ಯಾಸ ನೋಡಿ, ಗಡಿಯ ವಿಷಯದಲ್ಲಿ ರಾಜಿ ಇಲ್ಲವೆಂಬ ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತು. ಅವನು ಗುದ್ದಲಿ ಹೆಗಲಿಗೇರಿಸಿ ಹೋದ.

ಬೋರಣ್ಣ ಏನಂದ ಎಂದು ಮನೆಯಲ್ಲಿ ಹೆಂಡತಿ ಕೇಳಿದಾಗ, ಮಾತುಕತೆ ಸೌಹಾರ್ದಯುತವಾಗಿ ನಡೆಯಿತು ಎಂದೆ. ಆಮೇಲೆ ಚಳ್ಳಕೆರೆ ಪೇಟೆಗೆ ಹೋಗಿ ಗೊಬ್ಬರದ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಂಗಡಿಯವನು ಖಾಲಿ ಗೋದಾಮನ್ನು ತೋರಿಸಿದ. ಗೊಬ್ಬರ ಹೊರದೇಶದಿಂದ ಬರಬೇಕಂತೆ, ಅಲ್ಲೇನೋ ತಕರಾರಾಗಿ ಹಡಗು ಬಂದಿಲ್ಲವಂತೆ. ಅವನು ನನ್ನ ಹಳೆಯ ವಿದ್ಯಾರ್ಥಿ.

"ಎಲ್ಲಾ ದೇಶದೋರೂ ನಮ್ಗೆ ದೋಸ್ತಿ ಅಂತ ಪಾಠ ಮಾಡಿದ್ರಲ್ಲ ಸಾರ್, ನೀವೇ ಯಾರಿಗಾದ್ರೂ ಒಂದ್ ಮಾತು ಹೇಳ್ರಿ" ಎಂದ.

ಯಾರಿಗೆ ಹೇಳಬೇಕೆಂದು ಯೋಚಿಸುತ್ತಾ ಬಸ್ ನಿಲ್ದಾಣದವರೆಗೂ ನಡೆದೆ. ನೆನಪಿಗೆ ಬಂದದ್ದು ಬೋರಣ್ಣನೊಬ್ಬನೇ.