ಹಗೂರ ದೋಣಿಗೆ ತಕ್ಕ ಬ್ಯಾಟರಿ

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಉಳಿಯುವುದು ಎರಡೇ ಕೆಲಸ ಎಂಬುದು ನನ್ನ ಅನುಭವ. ಕೇಳದವರಿಗೆ ಸಲಹೆ ಕೊಡುವುದು ಒಂದು, ಕಸ ಗುಡಿಸುವಾಗ ಕಾಲು ಮೇಲೆತ್ತುವುದು ಇನ್ನೊಂದು. ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ನನ್ನೆದುರು ಆಡಿಲ್ಲ, ನಿಜ. ಆದರೆ ಡಾಕ್ಟರು ತೂಕ ಇಳಿಸಿ ಎಂದ ದಿನದಿಂದ ನನ್ನ ಹೆಂಡತಿ ಸುಮತಿ ಎರಡು ಜೋಳದ ರೊಟ್ಟಿಗೆ ಗೆರೆ ಎಳೆದಿದ್ದಾಳೆ. ಮೂರನೆಯದಕ್ಕೆ ಕೈ ಚಾಚಿದರೆ ನನ್ನ ಹೊಟ್ಟೆ ನೋಡುತ್ತಾಳೆ. ಆ ನೋಟದಲ್ಲಿ ಗಾದೆಯ ಎರಡೂ ತುಂಡುಗಳು ಇರುತ್ತವೆ.

ಹೀಗಿರುವಾಗ ಸುಮತಿಯ ತಮ್ಮ ರಾಘು ತಾನಾಗಿ ನನ್ನ ಸಲಹೆ ಕೇಳಿಕೊಂಡು ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಮನೆಗೆ ಬಂದ. ಊರಾಚೆಯ ಒಂದು ಕೆರೆಯಲ್ಲಿ ಅವನು ಜನರನ್ನು ದೋಣಿಯಲ್ಲಿ ಸುತ್ತಾಡಿಸುತ್ತಾನೆ. ಮೊದಲು ಇಟ್ಟ ಅಂಗಡಿ ಮುಚ್ಚಿದ ಮೇಲೆ ಅವನ ಕೈ ಹಿಡಿದದ್ದು ಆ ದೋಣಿಯೇ. ಪೆಟ್ರೋಲ್ ಎಂಜಿನ್ನಿನಿಂದ ನೀರಿನ ಮೇಲೆ ಎಣ್ಣೆ ತೇಲುತ್ತದೆ ಎಂದು ಕೆರೆಯ ಪಕ್ಕದ ಹಳ್ಳಿಯವರು ಈಗ ಅದನ್ನು ನಿಲ್ಲಿಸಿದ್ದರು. ಆ ಹಳ್ಳಿಯ ಪಂಚಾಯ್ತಿ ಅಧ್ಯಕ್ಷರು, ಅಂದರೆ ಸರ್ಪಂಚರು, ಒಂದು ದಾರಿ ತೋರಿಸಿದ್ದರು: ಬ್ಯಾಟರಿ ಮೇಲೆ ನಡೆಸಿ ತೋರಿಸು, ಭಾನುವಾರ ನಾನೇ ಬಂದು ಕೂರುತ್ತೇನೆ, ಒಪ್ಪಿಗೆಯಾದರೆ ಅನುಮತಿ. ಆಗದಿದ್ದರೆ ದೋಣಿ ದಡದ ಬೇವಿನ ಮರಕ್ಕೆ ಕಟ್ಟಿದಂತೆಯೇ ಇರಬೇಕು. ಸದಾ ನಗುವ ಹುಡುಗ ಅಂದು ನಗಲಿಲ್ಲ. “ಮಾಮಾ, ನೀವು ಹುಟ್ಟಾ ಎಲೆಕ್ಟ್ರಾನಿಕ್ಸ್‌ನ್ಯಾಗ ಇದ್ದವ್ರು. ಬ್ಯಾಟರಿ, ಮೋಟಾರು ಎಲ್ಲಾ ನಿಮಗ ಬಿಟ್ಟೀನ್ರಿ. ನನಗ ಒಂದ ಬೇಕು, ದೋಣಿ ಹಗೂರ ಹೋಗಬೇಕು. ಸರ್ಪಂಚರಿಗೆ ನೀರಂದ್ರ ಭಾಳ ಅಂಜಿಕಿ,” ಎಂದ.

ಇಲ್ಲಿ ನನ್ನ ಭಾಷೆಯ ವಿಚಾರ ಸ್ವಲ್ಪ ಹೇಳಬೇಕು. ನಾನು ಮೈಸೂರು ಕಡೆಯವನು, ಇವರೆಲ್ಲ ರಾಯಚೂರು ಮೂಲದವರು. ಮದುವೆಯಾದ ಹೊಸದರಲ್ಲಿ ಅತ್ತೆ “ಕುಂದರ್ರಿ” ಎಂದಾಗ ನಾನು ಕುಂದೇನು ಮಾಡಿದೆ ಎಂದು ನಿಂತೇ ಇದ್ದೆನಂತೆ. ಈಗ ಎಲ್ಲ ಕಲಿತಿದ್ದೇನೆ ಎಂಬ ಜಂಬವಿದೆ. ಆದರೂ ಬ್ಯಾಟರಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನೊಳಗಿನ ಎಂಜಿನಿಯರ್ ಎದ್ದು ಕೂರುತ್ತಾನೆ, ಅಳಿಯ ಮಲಗಿಬಿಡುತ್ತಾನೆ. ಹಗೂರ ಎಂದರೆ ಹಗುರ, ಹಗುರ ಎಂದರೆ ತೂಕ ಕಡಿಮೆ. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ನಾಚಾರಂನ ಅಂಗಡಿಯಲ್ಲಿ ಇಬ್ಬರು ಹೊತ್ತು ತಂದ ಸೀಸದ ಬ್ಯಾಟರಿಯನ್ನು ನಾನು ತಿರುಗಿಯೂ ನೋಡಲಿಲ್ಲ. ಕೂಸಿನಂತೆ ಒಬ್ಬನೇ ಎತ್ತಿಕೊಳ್ಳಬಹುದಾದ ಲಿಥಿಯಂ ಬ್ಯಾಟರಿ ಆರಿಸಿದೆ. ಅದಕ್ಕೊಪ್ಪುವ, ಮುಟ್ಟಿದರೆ ಹಾರುವ ಮೋಟಾರನ್ನೂ ಕೊಡಿಸಿದೆ. ನೀರು ತಾಗದಿರಲೆಂದು ಬ್ಯಾಟರಿಯನ್ನು ಹಿಂದಿನ ಸೀಟಿನ ಮೇಲೆ ಎತ್ತರದಲ್ಲಿ ಕೂರಿಸಿದೆ. ಹಳೆಯ ಎಂಜಿನ್ನಿನ ಭಾರವೂ ಇಳಿದಿತ್ತಲ್ಲ, ದೋಣಿ ನೀರಿನ ಮೇಲೆ ಖಾಲಿ ಡಬ್ಬಿಯಂತೆ ತೇಲಿತು. ನನಗೆ ಹೆಮ್ಮೆಯಾಯಿತು.

ಭಾನುವಾರ ಸರ್ಪಂಚರು ಬಿಳಿ ಪಂಚೆಯುಟ್ಟು, ಮೇಲೆ ಲೈಫ್ ಜಾಕೆಟ್ ಬಿಗಿದು, ದೇವರ ಹೆಸರು ಹೇಳಿ ಕೂತರು. ಪಕ್ಕದಲ್ಲಿ ನಾನು. ಎಂಜಿನ್ನಿನ ಕಾಲದಂತೆಯೇ ರಾಘು ಹಿಡಿಕೆಯನ್ನು ತುಸು ತಿರುಗಿಸಿದ. ದೋಣಿಯ ಮೂತಿ ಮೇಲೆದ್ದಿತು, ಮೈ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಸರ್ಪಂಚರು ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದು “ಮೆಲ್ಲಗಾ ಬಾಬೂ, ಮೆಲ್ಲಗಾ” ಎಂದು ತೆಲುಗಿನಲ್ಲಿ ಕೂಗಿದರು. ದಡದಲ್ಲಿ ನಿಂತಿದ್ದ ಸುಮತಿ ಅದೇ ಗಳಿಗೆಯಲ್ಲಿ “ರಾಘೂ, ಹಗೂರ್ಕ ಹೋಗೋ, ಹಗೂರ್ಕ” ಎಂದು ಕೂಗಿದಳು. ಎರಡು ಭಾಷೆಯ ಎರಡು ಪದ ನನ್ನ ಎರಡು ಕಿವಿಗೆ ಒಟ್ಟಿಗೇ ಬಿದ್ದವು. ಹಗೂರ ಎಂದರೆ ಮೆಲ್ಲಗೆ. ಮೂವತ್ತು ವರ್ಷದಿಂದ ನಾನು ಸ್ಕೂಟರ್ ಹತ್ತುವಾಗಲೆಲ್ಲ “ಹಗೂರ ಹೋಗ್ರಿ” ಎನ್ನುವಳಲ್ಲ ಇವಳು, ತೂಕ ಇಳಿಸಿಕೊಂಡು ಹೋಗಲಿ ಎಂದೇ?

ರಾಘುವಿನ ಮುಖ ಬಿಳುಪೇರಿತ್ತು. ಹುಡುಗನ ಅನ್ನ ನನ್ನ ಕಿವಿಯ ದೋಷದಿಂದ ನೀರುಪಾಲಾಗುತ್ತಿತ್ತು. ಮೋಟಾರು ನಿಲ್ಲಿಸಲು ಹೇಳಿ, ಬ್ಯಾಟರಿಯನ್ನು ಕೆಳಗಿಳಿಸಿ, ದೋಣಿಯ ನಡುವೆ ತಳದ ಹಲಗೆಯ ಮೇಲೆ ನಾನೂ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಓಲಾಟ ನಿಂತಿತು. ಮೋಟಾರಿನ ವೇಗದ ತಿರುಪನ್ನು ತೀರಾ ಕೆಳಕ್ಕೆ ಇಳಿಸಿ ಮತ್ತೆ ಹೊರಟೆವು. ದೋಣಿ ಸದ್ದಿಲ್ಲದೆ, ಹೊಗೆಯಿಲ್ಲದೆ ಕೆರೆಯನ್ನು ಒಂದು ಸುತ್ತು ಹಾಕಿ ಬಂತು. ನಡುದಾರಿಯಲ್ಲಿ ಸರ್ಪಂಚರು ನನ್ನ ತೊಡೆ ಬಿಟ್ಟು ಬಾತುಕೋಳಿಗಳನ್ನು ತೋರಿಸತೊಡಗಿದರು. ದಡಕ್ಕೆ ಇಳಿದವರು ಅನುಮತಿ ಕೊಟ್ಟು, “ಈ ಸಾರ್ ಮಾತ್ರಂ ಲೋಪಲ ಉಂಡಾಲಿ” ಎಂದು ಷರತ್ತು ಹಾಕಿದರು. ಅಂದರೆ ನಾನು ಒಳಗಿರಲೇಬೇಕು.

ಆ ಷರತ್ತಿಗೆ ನಾನೇ ಪರಿಹಾರ ಸೂಚಿಸಿದೆ. ತಳದಲ್ಲಿ ಮರಳಿನ ಚೀಲ ಇಟ್ಟರೆ ಸಾಕು, ನಾನು ಬೇಕಿಲ್ಲ ಎಂದೆ. ರಾಘು ಚೀಲಗಳನ್ನು ತುಂಬಿಸಿಯೂ ಇಟ್ಟ. ಆದರೆ ಇಂದಿಗೂ ಅವು ಬೇವಿನ ಮರದ ಕೆಳಗೇ ಇವೆ. ಕೇಳಿದರೆ “ಚೀಲಕ್ಕ ಮಂದಿ ಕೂಡ ಮಾತಾಡಾಕ ಬರಂಗಿಲ್ರಿ ಮಾಮಾ, ನೀವ ಬರ್ರಿ” ಎನ್ನುತ್ತಾನೆ. ಹಾಗಾಗಿ ಪ್ರತಿ ಭಾನುವಾರ ತಳದ ಹಲಗೆಯ ಮೇಲೆ ನಾನೇ ಕೂರುತ್ತೇನೆ. ಸುಮತಿಯ ಅಭಿಪ್ರಾಯ ಬೇರೆ. “ಚೀಲ ಮಾತಾಡಂಗಿಲ್ಲ, ಅದ ಅದರ ಛಲೋ ಗುಣ” ಎಂದಳು.

ಹಾಗೆಂದವಳು ನಿನ್ನೆ ಶನಿವಾರ ರಾತ್ರಿ ಊಟಕ್ಕೆ ಕೂತಾಗ, ಎರಡು ರೊಟ್ಟಿ ಮುಗಿಸಿ ಕೈ ತೊಳೆಯಲು ಏಳುತ್ತಿದ್ದ ನನ್ನನ್ನು ತಡೆದಳು. ತಟ್ಟೆಗೆ ಮೂರನೆಯ ರೊಟ್ಟಿ ಬಿತ್ತು. ನಾನು ಡಾಕ್ಟರ ಮಾತು ನೆನಪಿಸಿದೆ.

“ಉಣ್ರಿ, ನಾಳೆ ದೋಣಿ ಐತಿ,” ಎಂದಳು.